ಮೇಜಿನಿಂದ ಮತ್ತೆ ಕೋಣೆಗೆ

ನಿಮ್ಮ ಕಚೇರಿಯ ಮೇಜಿನ ಕೆಳಗೆ ಒಮ್ಮೆ ಬಗ್ಗಿ ನೋಡಿ. ಧೂಳು ಹಿಡಿದ ಒಂದು ಪೆಟ್ಟಿಗೆ, ಅದರೊಳಗೆ ಗುಂಯ್‌ಗುಡುವ ಒಂದು ಫ್ಯಾನು ಅಲ್ಲಿದ್ದರೆ ನಿಮ್ಮ ಗಣಕಯಂತ್ರ ಬಹುಶಃ ಇನ್ನೂ ನಿಮ್ಮ ಹತ್ತಿರವೇ ಇದೆ. ನಾವೆಲ್ಲ ಆ ಪೆಟ್ಟಿಗೆಯನ್ನು 'ಸಿಪಿಯು' ಎನ್ನುತ್ತೇವೆ. ಅದು ಒಳಗಿನ ಒಂದು ಚಿಪ್ಪಿನ ಹೆಸರೇ ಹೊರತು ಪೆಟ್ಟಿಗೆಯ ಹೆಸರಲ್ಲ ಎಂದು ತಿಳಿದವರು ಹೇಳಿ ಹೇಳಿ ಸೋತಿದ್ದಾರೆ. ಆ ಮಾತು ಹಾಗಿರಲಿ. ಪೆಟ್ಟಿಗೆಯೇ ಇಲ್ಲದೆ, ಪರದೆಯ ಹಿಂದೆ ಪುಸ್ತಕದ ಗಾತ್ರದ ಒಂದು ಡಬ್ಬಿ ಮಾತ್ರ ಇದ್ದರೆ ಏನರ್ಥ? ನೀವು ಬೆಳಗಿನಿಂದ ಸಂಜೆಯವರೆಗೆ ಕೆಲಸ ಮಾಡುವ ಗಣಕಯಂತ್ರ ನಿಮ್ಮ ಮೇಜಿನ ಬಳಿ ಇಲ್ಲವೇ ಇಲ್ಲ. ಅದು ದೂರದ ಯಾವುದೋ ಒಂದು ತಂಪು ಕೋಣೆಯಲ್ಲಿದೆ. ನಿಮಗೆ ಕಾಣುತ್ತಿರುವುದು ಅದರ ಚಿತ್ರ; ನೀವು ಒತ್ತುವ ಕೀಲಿಗಳ ಸುದ್ದಿ ತಂತಿಯ ಮೂಲಕ ಅಲ್ಲಿಗೆ ಹೋಗುತ್ತದೆ, ಬದಲಾದ ಚಿತ್ರ ಹಿಂದಿರುಗಿ ಬರುತ್ತದೆ.

ಇದಕ್ಕೆ 'ವರ್ಚುಯಲ್ ಡೆಸ್ಕ್‌ಟಾಪ್' ಎಂದು ಹೆಸರು. ಮಾರುವವರು ಇದನ್ನು ಹೊಚ್ಚಹೊಸ ಸಂಗತಿ ಎಂಬಂತೆ ಬಣ್ಣಿಸುತ್ತಾರೆ. ಆದರೆ ಕಳೆದ ಅರವತ್ತು ವರ್ಷಗಳನ್ನು ತಿರುಗಿ ನೋಡಿದರೆ, ಗಣಕಯಂತ್ರವು ಕೋಣೆಯಿಂದ ಮೇಜಿಗೂ ಮೇಜಿನಿಂದ ಕೋಣೆಗೂ ಓಡಾಡುತ್ತಲೇ ಬಂದಿರುವುದು ಕಾಣುತ್ತದೆ. ಪ್ರತಿ ಸಲವೂ ಕಾರಣ ಬೇರೆ. ಕೆಳಗೆ ಉಳಿಯುವ ಪ್ರಶ್ನೆ ಮಾತ್ರ ಒಂದೇ: ಕೋಣೆಯ ಬೀಗದ ಕೈ ಯಾರ ಹತ್ತಿರ ಇರಬೇಕು?

ಮೊದಲು ಕೋಣೆಯೇ ಇತ್ತು. 1950ರ ದಶಕದಲ್ಲಿ ಗಣಕಯಂತ್ರವೆಂದರೆ ಒಂದು ದೊಡ್ಡ ಹಜಾರ ತುಂಬುವ ವಸ್ತು. ಕೆಲಸವಿದ್ದವರು ರಂಧ್ರ ಕೊರೆದ ಕಾರ್ಡುಗಳ ಕಟ್ಟನ್ನು ಕಿಟಕಿಯಲ್ಲಿ ಕೊಟ್ಟು ಬರಬೇಕು, ಉತ್ತರಕ್ಕೆ ಗಂಟೆಗಟ್ಟಲೆ ಕಾಯಬೇಕು. ಒಂದು ಅಲ್ಪವಿರಾಮ ತಪ್ಪಿದ್ದರೆ ಮರುದಿನ ಮತ್ತೆ ಸಾಲು. ಅಮೆರಿಕದ ಎಂಐಟಿಯಲ್ಲಿದ್ದ ಜಾನ್ ಮೆಕಾರ್ಥಿ 1959ರಲ್ಲಿ ಒಂದು ಟಿಪ್ಪಣಿ ಬರೆದು, ಯಂತ್ರದ ಸಮಯವನ್ನು ಚೂರು ಚೂರಾಗಿ ಹಂಚಿ, ಹಲವರು ಏಕಕಾಲದಲ್ಲಿ ಬಳಸುವಂತೆ ಮಾಡಬಹುದೆಂದು ಸೂಚಿಸಿದರು. ಅಲ್ಲಿಯೇ ಇದ್ದ ಫರ್ನಾಂಡೊ ಕಾರ್ಬಟೊ 1961ರ ನವೆಂಬರಿನಲ್ಲಿ ಅದನ್ನು ಮಾಡಿ ತೋರಿಸಿದರು. ಆ ವ್ಯವಸ್ಥೆಯ ಹೆಸರು ಸಿಟಿಎಸ್‌ಎಸ್. ಒಂದೇ ಯಂತ್ರಕ್ಕೆ ಹಲವು ಟೈಪ್‌ರೈಟರುಗಳು; ಕುಳಿತ ಪ್ರತಿಯೊಬ್ಬರಿಗೂ ಯಂತ್ರ ತಮ್ಮದೊಬ್ಬರದೇ ಎಂಬ ಭಾವನೆ.

ಒಂದು ಮನೆಯಲ್ಲಿ ಹಲವು ಸಂಸಾರ ಹೂಡಿದರೆ ಕಪಾಟಿಗೆ ಬೀಗ ಬೇಕಾಗುತ್ತದೆ. ನಾವು ಇಂದು ದಿನಕ್ಕೆ ಹತ್ತು ಸಲ ಒತ್ತುವ ಪಾಸ್‌ವರ್ಡು ಗಣಕಯಂತ್ರದ ಲೋಕಕ್ಕೆ ಬಂದದ್ದು ಈ ಸಿಟಿಎಸ್‌ಎಸ್‌ನಿಂದಲೇ. ಅದರ ಮೊದಲ ಅವಾಂತರವೂ ಅಲ್ಲಿಯದೇ. 1960ರ ದಶಕದ ಮಧ್ಯದಲ್ಲಿ ಒಂದು ದಿನ ಒಬ್ಬ ಮೇಲ್ವಿಚಾರಕರು 'ಈ ದಿನದ ಸೂಚನೆ'ಯನ್ನು ತಿದ್ದುತ್ತಿದ್ದರು, ಇನ್ನೊಬ್ಬರು ಪಾಸ್‌ವರ್ಡುಗಳ ಪಟ್ಟಿಯನ್ನು ತಿದ್ದುತ್ತಿದ್ದರು. ತಿದ್ದುವ ತಂತ್ರಾಂಶವು ಇಬ್ಬರ ಕಡತಕ್ಕೂ ಒಂದೇ ತಾತ್ಕಾಲಿಕ ಹೆಸರು ಕೊಟ್ಟುಬಿಟ್ಟಿತು. ಪರಿಣಾಮವಾಗಿ ಆ ಮೇಲೆ ಬಂದು ಕುಳಿತ ಪ್ರತಿಯೊಬ್ಬರಿಗೂ ದಿನದ ಸೂಚನೆಯ ಬದಲು ಎಲ್ಲರ ಪಾಸ್‌ವರ್ಡುಗಳ ಪಟ್ಟಿ ಮುದ್ರಣವಾಗಿ ಬಂತು! ಹಂಚಿಕೊಂಡ ಕೋಣೆಯಲ್ಲಿ ಒಬ್ಬರ ತಪ್ಪು ಎಲ್ಲರ ತಪ್ಪಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಹಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಇದೇ ಊರಿನ ಇದೇ ಕಟ್ಟಡದಲ್ಲಿ, ಟೆಕ್ನಾಲಜಿ ಸ್ಕ್ವೇರ್ ಎಂಬಲ್ಲಿ, ಐಬಿಎಂ ಕಂಪನಿಯ ಒಂದು ಚಿಕ್ಕ ಪ್ರಯೋಗಶಾಲೆಯೂ ಇತ್ತು. ಸಿಟಿಎಸ್‌ಎಸ್‌ನಲ್ಲಿ ಕೆಲಸ ಮಾಡಿ ಬಂದಿದ್ದ ರಾಬರ್ಟ್ ಕ್ರೀಸಿ ಅಲ್ಲಿ ಸೇರಿಕೊಂಡರು. ಅವರೂ ಅವರ ಸಂಗಡಿಗರೂ ಇನ್ನೊಂದು ಹೆಜ್ಜೆ ಮುಂದೆ ಹೋದರು. ಜನರಿಗೆ ಯಂತ್ರದ ಸಮಯದಲ್ಲಿ ಪಾಲು ಕೊಡುವುದೇಕೆ, ಪ್ರತಿಯೊಬ್ಬರಿಗೂ ಇಡೀ ಯಂತ್ರವನ್ನೇ ಕೊಟ್ಟಂತೆ ಮಾಡೋಣ ಎಂಬುದು ಅವರ ಯೋಚನೆ. 1967ರ ಜನವರಿಯಲ್ಲಿ ಕೆಲಸಕ್ಕೆ ನಿಂತ ಸಿಪಿ-40 ಎಂಬ ಆ ವ್ಯವಸ್ಥೆ, ಒಂದೇ ಯಂತ್ರದೊಳಗೆ 14 ಕಾಲ್ಪನಿಕ ಯಂತ್ರಗಳನ್ನು ಹುಟ್ಟಿಸಬಲ್ಲದಾಗಿತ್ತು. ಅವುಗಳಲ್ಲಿ ಒಂದು ಕುಸಿದು ಬಿದ್ದರೆ ಪಕ್ಕದ್ದಕ್ಕೆ ಸುದ್ದಿಯೂ ಮುಟ್ಟುವುದಿಲ್ಲ. ಇದೇ ಬೆಳೆದು 1972ರ ಆಗಸ್ಟ್ 2ರಂದು ವಿಎಂ/370 ಎಂಬ ಹೆಸರಿನಲ್ಲಿ ಘೋಷಣೆಯಾಯಿತು. ಇಂದಿನ ವರ್ಚುಯಲ್ ಡೆಸ್ಕ್‌ಟಾಪಿನ ಅಜ್ಜ ಯಾರೆಂದು ನೀವು ಕೇಳಿದರೆ ನಾನು ಇದರ ಕಡೆಗೇ ಬೆರಳು ತೋರಿಸುತ್ತೇನೆ.

ನಮ್ಮ ದೇಶದಲ್ಲಿ ಹೆಚ್ಚಿನವರು ಈ ಬಗೆಯ ಏರ್ಪಾಡನ್ನು ಮೊದಲು ಕಂಡದ್ದು ರೈಲ್ವೆ ಕೌಂಟರಿನಲ್ಲಿ. 1985-86ರಲ್ಲಿ ದೆಹಲಿಯಲ್ಲಿ ಆರಂಭವಾದ ಗಣಕೀಕೃತ ಸೀಟು ಕಾಯ್ದಿರಿಸುವಿಕೆಯಲ್ಲಿ ಗುಮಾಸ್ತರ ಮುಂದಿದ್ದದ್ದು ಬರಿಯ ಪರದೆ ಮತ್ತು ಕೀಲಿಮಣೆ. ಬುದ್ಧಿಯೆಲ್ಲ ಒಳಗಿನ ಕೇಂದ್ರ ಯಂತ್ರದ್ದು. ಇಂಥವಕ್ಕೆ ಇಂಗ್ಲಿಷಿನಲ್ಲಿ 'ಮೂಕ ಟರ್ಮಿನಲ್' ಎಂಬ ಅರ್ಥದ ಹೆಸರಿದೆ. ಆ ಕಾಲದಲ್ಲಿ ಗಣಕದ ಕೋಣೆಗೆ ಹೋಗುವವರು ಚಪ್ಪಲಿ ಹೊರಗೆ ಬಿಡಬೇಕಾಗಿತ್ತು. ನಾನು ಆಗ ಇದ್ದ ಕಚೇರಿಯಲ್ಲಿ ಹಿರಿಯ ಗುಮಾಸ್ತರೊಬ್ಬರು ಚಪ್ಪಲಿ ಬಿಟ್ಟು, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಹೋಗುತ್ತಿದ್ದರು. ನಾವು ನಗುತ್ತಿದ್ದೆವು. ಈಗ ಯೋಚಿಸಿದರೆ, ಒಳಗಿರುವುದು ನಮ್ಮ ಕೈಗೆ ಸಿಕ್ಕುವ ವಸ್ತುವಲ್ಲ ಎಂಬುದು ನಮಗಿಂತ ಅವರಿಗೇ ಚೆನ್ನಾಗಿ ತಿಳಿದಿತ್ತೇನೋ.

ಕೋಣೆಯ ಬಾಗಿಲು ಒಡೆದದ್ದು ಅಗ್ಗದ ಚಿಪ್ಪು. 1981ರ ಆಗಸ್ಟಿನಲ್ಲಿ ಐಬಿಎಂ ತನ್ನ ಪಿಸಿಯನ್ನು ಬಿಡುಗಡೆ ಮಾಡಿತು. ಅದಕ್ಕೂ ಎರಡು ವರ್ಷ ಮೊದಲೇ, 1979ರಲ್ಲಿ, ಆಪಲ್ ಯಂತ್ರಕ್ಕೆ ಬಂದ ವಿಸಿಕ್ಯಾಲ್ಕ್ ಎಂಬ ಲೆಕ್ಕದ ಹಾಳೆಯ ತಂತ್ರಾಂಶ, ಕಚೇರಿಯ ಜನ ಗಣಕ ವಿಭಾಗದ ಅಪ್ಪಣೆ ಕೇಳದೆ ತಾವೇ ಯಂತ್ರ ಕೊಳ್ಳುವಂತೆ ಮಾಡಿತ್ತು. ಭಾರತದಲ್ಲಿ 1984ರ ಹೊಸ ಗಣಕ ನೀತಿಯ ನಂತರ ಪಿಸಿ ಎಲ್ಲೆಡೆ ಹರಡಿತು. ಈ ಸ್ವಾತಂತ್ರ್ಯ ಎಷ್ಟರಮಟ್ಟಿನದು ಎಂಬುದಕ್ಕೆ ಕನ್ನಡದ್ದೇ ಸಾಕ್ಷಿ ಇದೆ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದಾಗ ನಾವು ಅದನ್ನು ಫ್ಲಾಪಿಯಲ್ಲಿ ಒಬ್ಬರಿಂದೊಬ್ಬರು ಪಡೆದು ನಮ್ಮ ನಮ್ಮ ಯಂತ್ರಗಳಿಗೆ ಹಾಕಿಕೊಂಡೆವು. ಅರ್ಜಿ ಬರೆಯಲಿಲ್ಲ, ಅಪ್ಪಣೆ ಕೇಳಲಿಲ್ಲ. ಮೇಜಿನ ಮೇಲಿನ ಯಂತ್ರದಲ್ಲಿ ಕನ್ನಡ ಬೇಕೆನ್ನಿಸಿದವನು ತಾನೇ ಅದನ್ನು ತಂದುಕೊಂಡ.

ಆದರೆ ಅದೇ ಫ್ಲಾಪಿಯಲ್ಲಿ ವೈರಸ್ಸೂ ಬಂತು ಎಂಬುದನ್ನು ಮರೆಮಾಚಬಾರದು. ಐನೂರು ಮೇಜುಗಳಿದ್ದ ಕಚೇರಿಯಲ್ಲಿ ಐನೂರು ಬಗೆಯ ಯಂತ್ರಗಳು. ಒಂದು ತಂತ್ರಾಂಶ ಬದಲಿಸಬೇಕಾದರೆ ತಂತ್ರಜ್ಞನು ಐನೂರು ಮೇಜುಗಳಿಗೂ ಸಿ.ಡಿ. ಹಿಡಿದು ತಿರುಗಬೇಕು. ಯಂತ್ರದ ಬೆಲೆ ಇಳಿಯುತ್ತಾ ಹೋಯಿತು, ಅದನ್ನು ನೋಡಿಕೊಳ್ಳುವ ಖರ್ಚು ಏರುತ್ತಾ ಹೋಯಿತು. ಮೊದಲ ಕೋಣೆ ಹುಟ್ಟಿದ್ದು ಯಂತ್ರ ದುಬಾರಿ ಎಂದು. ಎರಡನೆಯ ಕೋಣೆ ಹುಟ್ಟಿದ್ದು ಮನುಷ್ಯರ ಓಡಾಟ ದುಬಾರಿ ಎಂದು.

ಇದನ್ನು ಮೊದಲು ಹಣವಾಗಿಸಲು ಹೊರಟವರು ಐಬಿಎಂ ಬಿಟ್ಟು ಬಂದ ಎಡ್ ಯಾಕೊಬುಚಿ. ಅವರು 1989ರಲ್ಲಿ ಸ್ಥಾಪಿಸಿದ ಸಿಟ್ರಿಕ್ಸ್ ಕಂಪನಿ, ಮೈಕ್ರೊಸಾಫ್ಟಿನಿಂದ ಪರವಾನಗಿ ಪಡೆದು, 1995ರಲ್ಲಿ 'ವಿನ್‌ಫ್ರೇಮ್' ಹೊರತಂದಿತು. ಒಂದು ವಿಂಡೋಸ್ ಯಂತ್ರವನ್ನು ಹಲವರು ದೂರದಿಂದ ಏಕಕಾಲಕ್ಕೆ ಬಳಸುವ ವ್ಯವಸ್ಥೆ ಅದು. 1997ರ ಫೆಬ್ರವರಿಯಲ್ಲಿ ಮೈಕ್ರೊಸಾಫ್ಟ್ ಈ ಕೆಲಸವನ್ನು ತಾನೇ ಮಾಡಿಕೊಳ್ಳುವ ಇರಾದೆಯಿದೆ ಎಂದಿತು. ಸಿಟ್ರಿಕ್ಸ್ ಷೇರಿನ ಬೆಲೆ ಒಂದೇ ದಿನದಲ್ಲಿ ಅರ್ಧಕ್ಕಿಂತ ಕೆಳಗೆ ಬಿತ್ತು. ಮೇ ತಿಂಗಳಲ್ಲಿ ಇಬ್ಬರಿಗೂ ರಾಜಿಯಾಯಿತು, ಮರುವರ್ಷ ಮೈಕ್ರೊಸಾಫ್ಟಿನ 'ಟರ್ಮಿನಲ್ ಸರ್ವರ್' ಬಂತು. ಬಾಡಿಗೆದಾರನ ಅಂಗಡಿ ಚೆನ್ನಾಗಿ ನಡೆದರೆ ಮನೆಯ ಯಜಮಾನನಿಗೆ ಏನನ್ನಿಸುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಇದೇ ಹೊತ್ತಿಗೆ ಒರಾಕಲ್ ಕಂಪನಿಯ ಲ್ಯಾರಿ ಎಲಿಸನ್ 500 ಡಾಲರಿಗಿಂತ ಅಗ್ಗದ 'ನೆಟ್‌ವರ್ಕ್ ಕಂಪ್ಯೂಟರ್' ಬರುತ್ತದೆ, ಪಿಸಿಯ ಕಾಲ ಮುಗಿಯಿತು ಎಂದು ಸಾರಿದರು. ಪಿಸಿಯ ಬೆಲೆಯೇ ಇಳಿದುಬಿಟ್ಟಿತು, ತಂತಿಗಳು ನಿಧಾನವಾಗಿದ್ದವು. ಆ ಯಂತ್ರ ಸದ್ದಿಲ್ಲದೆ ಮರೆಯಾಯಿತು.

ಸಿಟ್ರಿಕ್ಸ್ ಮಾದರಿಯಲ್ಲಿ ಎಲ್ಲರೂ ಒಂದೇ ವಿಂಡೋಸ್‌ನೊಳಗೆ ಇರುತ್ತಿದ್ದರು. ಒಬ್ಬರ ತಂತ್ರಾಂಶ ಮುಗ್ಗರಿಸಿದರೆ ಪಕ್ಕದವರಿಗೂ ತಟ್ಟುತ್ತಿತ್ತು. ಪ್ರತಿಯೊಬ್ಬರಿಗೂ ಬೇರೆ ಬೇರೆ ಕಾಲ್ಪನಿಕ ಯಂತ್ರ ಕೊಡುವ ಹಳೆಯ ಉಪಾಯ ಪಿಸಿಯ ಚಿಪ್ಪಿನ ಮೇಲೆ ನಡೆಯುವುದಿಲ್ಲ ಎಂಬ ನಂಬಿಕೆಯಿತ್ತು, ಏಕೆಂದರೆ ಆ ಚಿಪ್ಪಿನ ಕೆಲವು ಆಜ್ಞೆಗಳು ಮೇಲ್ವಿಚಾರಕನ ಕಣ್ಣು ತಪ್ಪಿಸಿ ಜಾರಿಬಿಡುತ್ತಿದ್ದವು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮೆಂಡೆಲ್ ರೋಸನ್‌ಬ್ಲಮ್ ಮತ್ತು ಅವರ ಶಿಷ್ಯರು ಅಂಥ ಆಜ್ಞೆಗಳನ್ನು ಓಡುವ ಮೊದಲೇ ಹಿಡಿದು ತಿದ್ದಿ ಬರೆಯುವ ದಾರಿ ಕಂಡುಕೊಂಡರು. ಅವರ ಪತ್ನಿ ಡಯೇನ್ ಗ್ರೀನ್ ಅವರೊಡಗೂಡಿ 1998ರಲ್ಲಿ ಆರಂಭಿಸಿದ ಕಂಪನಿಯೇ ವಿಎಂವೇರ್. ಐಬಿಎಂ ತನ್ನ ದೊಡ್ಡ ಯಂತ್ರದಲ್ಲಿ ಮಾಡಿದ್ದನ್ನು ಇವರು ಸಾಮಾನ್ಯ ಸರ್ವರಿನಲ್ಲಿ ಮಾಡಿದರು. 2005ರಿಂದ ಇಂಟೆಲ್ ತನ್ನ ಚಿಪ್ಪಿನಲ್ಲಿಯೇ ಇದಕ್ಕೆ ಅನುಕೂಲ ಮಾಡಿಕೊಟ್ಟಿತು. 2006ರ ಹೊತ್ತಿಗೆ ವಿಎಂವೇರ್ ಈ ಏರ್ಪಾಡಿಗೆ 'ವಿಡಿಐ' ಎಂಬ ಹೆಸರು ಕೊಟ್ಟಿತು. 2008ರಲ್ಲಿ ಸಿಟ್ರಿಕ್ಸ್ ಕೂಡ ತನ್ನದನ್ನು ತಂದಿತು. ಈ ಎರಡೂ ಕಂಪನಿಗಳು ಬೆಂಗಳೂರಿನಲ್ಲಿ ದೊಡ್ಡ ಅಭಿವೃದ್ಧಿ ಕೇಂದ್ರಗಳನ್ನು ತೆರೆದವು. ನಮ್ಮ ಊರಿನ ಹುಡುಗ ಹುಡುಗಿಯರು ಈ ಕೋಣೆಗೆ ಇಟ್ಟಿಗೆ ಹೊತ್ತವರೂ ಹೌದು.

ಇಲ್ಲಿ ಸ್ವಲ್ಪ ನಿಂತು, ಇದು ಹೇಗೆ ನಡೆಯುತ್ತದೆಂದು ನೋಡೋಣ. ತಂಪು ಕೋಣೆಯಲ್ಲಿ ಒಂದು ಮಾದರಿ ಡೆಸ್ಕ್‌ಟಾಪನ್ನು ಸಿದ್ಧಮಾಡಿ ಇಡುತ್ತಾರೆ. ಬೆಳಿಗ್ಗೆ ನೀವು ಹೆಸರು, ಪಾಸ್‌ವರ್ಡು ಕೊಟ್ಟೊಡನೆ ಒಬ್ಬ ಮಧ್ಯವರ್ತಿ ತಂತ್ರಾಂಶ ಆ ಮಾದರಿಯ ಒಂದು ಪ್ರತಿಯನ್ನು ನಿಮಗೆ ಒಪ್ಪಿಸುತ್ತದೆ. ಇದರಲ್ಲಿ ಎರಡು ಬಗೆ. ಒಂದು ಸ್ವಂತ ಮನೆಯಂತೆ. ನಿಮ್ಮ ಸಾಮಾನು ನಿಮಗಾಗಿ ಅಲ್ಲೇ ಇರುತ್ತದೆ. ಇನ್ನೊಂದು ಧರ್ಮಛತ್ರದ ಕೋಣೆಯಂತೆ. ಸಂಜೆ ನೀವು ಹೊರಟೊಡನೆ ಗುಡಿಸಿ ತೊಳೆದು ಮುಂದಿನವರಿಗೆ ಇಡುತ್ತಾರೆ. ಎರಡನೆಯದೇ ಅಗ್ಗವಾದ್ದರಿಂದ ಕಚೇರಿಗಳಿಗೆ ಅದರ ಮೇಲೆಯೇ ಪ್ರೀತಿ. ನಿಮ್ಮ ಕಡತಗಳನ್ನು ಬೇರೆ ಕಡೆ ಇಡುವ ಏರ್ಪಾಡು ಸರಿಯಾಗಿ ಆಗಿರದಿದ್ದರೆ, ಪರದೆಗೆ ಹಾಕಿಕೊಂಡ ರಾಘವೇಂದ್ರ ಸ್ವಾಮಿಗಳ ಚಿತ್ರವಾಗಲೀ ಮೊಮ್ಮಗಳ ಫೋಟೋ ಆಗಲೀ ಮರುದಿನ ಬೆಳಿಗ್ಗೆ ಇರುವುದಿಲ್ಲ. ಇದು ಸಣ್ಣ ವಿಷಯವೆಂದು ತಂತ್ರಜ್ಞರು ಹೇಳುತ್ತಾರೆ. ಹೊಸ ವ್ಯವಸ್ಥೆಯ ಮೇಲೆ ಜನಕ್ಕೆ ಮೊದಲ ಸಿಟ್ಟು ಬರುವುದು ಮಾತ್ರ ಇಲ್ಲಿಯೇ.

ಎರಡನೆಯ ಸಿಟ್ಟು ಬೆಳಗಿನ ಹತ್ತು ಗಂಟೆಯದು. ಆ ದಿನಗಳ ತಿರುಗುವ ಡಿಸ್ಕು ಸೆಕೆಂಡಿಗೆ ನೂರರಿಂದ ಇನ್ನೂರು ಓದು-ಬರಹಗಳನ್ನಷ್ಟೇ ಮಾಡಬಲ್ಲದಾಗಿತ್ತು. ಸುಮ್ಮನೆ ಪತ್ರ ಬರೆಯುತ್ತಿರುವ ಒಂದು ಡೆಸ್ಕ್‌ಟಾಪಿಗೆ ಹತ್ತಿಪ್ಪತ್ತು ಸಾಕು. ಅದೇ ಡೆಸ್ಕ್‌ಟಾಪು ಎದ್ದೇಳುವಾಗ ನೂರಾರು ಬೇಕು. ಮೇಜಿನ ಕೆಳಗೆ ಪ್ರತಿಯೊಬ್ಬರಿಗೂ ಒಂದೊಂದು ಡಿಸ್ಕು ಇದ್ದಾಗ ಇದು ಯಾರ ಗಮನಕ್ಕೂ ಬಂದಿರಲಿಲ್ಲ. ಎಲ್ಲರ ಡಿಸ್ಕೂ ಒಂದೇ ಕೋಣೆಗೆ ಹೋದ ಮೇಲೆ, ಎಲ್ಲರೂ ಹಾಜರಿ ಹಾಕಿ ಒಮ್ಮೆಗೇ ಗುಂಡಿ ಒತ್ತಿದಾಗ, ಸಂತೆಯ ದಿನದ ಏಕೈಕ ಬಸ್ಸಿನ ಬಾಗಿಲಿನಂತಾಯಿತು ಪರಿಸ್ಥಿತಿ. ನಾನು ಕಂಡ ಒಂದು ಕಚೇರಿಯಲ್ಲಿ ಪ್ರಯೋಗದ ಮೊದಲ ಸೋಮವಾರ ಹನ್ನೊಂದೂವರೆಯವರೆಗೆ ಒಂದು ಪತ್ರವೂ ಹೊರಡಲಿಲ್ಲ. ಕ್ಯಾಂಟೀನಿನವನಿಗೆ ಮಾತ್ರ ಒಳ್ಳೆಯ ವ್ಯಾಪಾರವಾಯಿತು. ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿ ಡಿಸ್ಕುಗಳು ಅಗ್ಗವಾದ ಮೇಲೆಯೇ ಈ ತೊಂದರೆ ತಗ್ಗಿದ್ದು.

ಉಳಿತಾಯದ ಮಾತೂ ಹಾಗೆಯೇ. ಮೇಜಿನ ಡಬ್ಬಿ ಕಡಿಮೆ ವಿದ್ಯುತ್ತು ಕುಡಿಯುವುದು ನಿಜ, ಹೆಚ್ಚು ಕಾಲ ಬಾಳುವುದೂ ನಿಜ. ಆದರೆ ಕೋಣೆಯಲ್ಲಿ ಸರ್ವರುಗಳು, ಡಿಸ್ಕುಗಳು, ತಂಪುಗೊಳಿಸುವ ಯಂತ್ರ ಎಲ್ಲವೂ ಬೇಕು. ಮೇಲಾಗಿ 2010ರ ಜುಲೈಯಿಂದ ಮೈಕ್ರೊಸಾಫ್ಟ್, ಇಂಥ ಡಬ್ಬಿಯಿಂದ ದೂರದ ವಿಂಡೋಸ್ ಬಳಸುವುದಕ್ಕೆ ಡಬ್ಬಿಯೊಂದಕ್ಕೆ ವರ್ಷಕ್ಕೆ 100 ಡಾಲರ್ ಎಂದು ದರ ಕಟ್ಟಿತು. ಒಮ್ಮೆ ಕೊಂಡು ಐದು ವರ್ಷ ಬಳಸುತ್ತಿದ್ದ ವಸ್ತು ಹೀಗೆ ವರ್ಷ ವರ್ಷ ಬಾಡಿಗೆ ಕಟ್ಟುವ ವಸ್ತುವಾಯಿತು. 'ಈ ವರ್ಷ ವಿಡಿಐ ವರ್ಷ' ಎಂದು ಪ್ರತಿ ಜನವರಿಯಲ್ಲೂ ಯಾರಾದರೂ ಸಾರುವುದು ಈ ವೃತ್ತಿಯವರಲ್ಲಿ ಒಂದು ನಗೆಹನಿಯೇ ಆಗಿಹೋಯಿತು.

ಹಾಗಿದ್ದೂ ಅದು ಏಕೆ ಉಳಿಯಿತು? ಬೆಂಗಳೂರಿನವರಿಗೆ ಇದರ ಉತ್ತರ ಗೊತ್ತು. ಅಮೆರಿಕದ ಬ್ಯಾಂಕಿನ ಕೆಲಸವನ್ನು ಇಲ್ಲಿ ಕುಳಿತು ಮಾಡುವಾಗ, ಬ್ಯಾಂಕಿನ ಮಾಹಿತಿ ಅಲ್ಲಿಯೇ ಉಳಿಯಬೇಕು, ಇಲ್ಲಿಗೆ ಬರಬೇಕಾದ್ದು ಚಿತ್ರ ಮಾತ್ರ. ಪೆನ್‌ಡ್ರೈವ್ ಹಾಕುವಂತಿಲ್ಲ, ನಕಲು ಮಾಡಿ ಹೊರಗೆ ಅಂಟಿಸುವಂತಿಲ್ಲ. ಗ್ರಾಹಕನಿಗೆ ಬೇಕಾದದ್ದು ಅಗ್ಗದ ಯಂತ್ರವಲ್ಲ, ಗಟ್ಟಿಯಾದ ಬೀಗ. ಅದಕ್ಕೆ ನಮ್ಮವರು ತೆತ್ತ ಬೆಲೆ ಕಾಯುವಿಕೆ. ಬೆಳಕು ಗಾಜಿನ ತಂತಿಯಲ್ಲಿ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಸಾವಿರ ಕಿಲೋಮೀಟರ್ ದೂರದ ಕೋಣೆಗೆ ಹೋಗಿ ಬರಲು ಸೆಕೆಂಡಿನ ನೂರನೆಯ ಒಂದು ಭಾಗ ಸಾಕು. ಅದು ಬೆರಳಿಗೆ ಗೊತ್ತಾಗುವುದಿಲ್ಲ. ಅಮೆರಿಕಕ್ಕೆ ಹೋಗಿ ಬರಲು ಸೆಕೆಂಡಿನ ಐದನೆಯ ಒಂದು ಭಾಗಕ್ಕೂ ಹೆಚ್ಚು ಹಿಡಿಯುತ್ತದೆ. ಅಕ್ಷರ ಒತ್ತಿದ ಮೇಲೆ ಅದು ಕಾಣುವ ಮೊದಲು ಒಂದು ತಡವರಿಕೆ. ದಿನವಿಡೀ ಹೀಗೆ ಕೆಲಸ ಮಾಡಿದವರನ್ನು ಕೇಳಿ ನೋಡಿ, ಆ ದಣಿವು ಬೇರೆಯದೇ.

2020ರ ಮಾರ್ಚ್ ಬಂತು. ಅಲ್ಲಿಯವರೆಗೆ ಹೊರಗುತ್ತಿಗೆಯ ಕೇಂದ್ರಗಳು ಮನೆಯಿಂದ ಕೆಲಸ ಮಾಡಿಸುವುದಕ್ಕೆ ದೂರಸಂಪರ್ಕ ಇಲಾಖೆಯ ಕಟ್ಟಲೆಗಳ ಅಡ್ಡಿಯಿತ್ತು. ಮಾರ್ಚ್ 13ರಂದು ಇಲಾಖೆ ಅವುಗಳನ್ನು ಸಡಿಲಿಸಿತು, 25ರಿಂದ ದೇಶವೇ ಬಾಗಿಲು ಹಾಕಿತು. ಲ್ಯಾಪ್‌ಟಾಪು ಸಾಲದ ಕಂಪನಿಗಳು ಮೇಜಿನ ಯಂತ್ರಗಳನ್ನೇ ವಾಹನಗಳಲ್ಲಿ ತುಂಬಿ ನೌಕರರ ಮನೆಗಳಿಗೆ ಕಳಿಸಿದವು. ಡೆಸ್ಕ್‌ಟಾಪು ಮೊದಲೇ ಕೋಣೆಗೆ ಹೋಗಿದ್ದ ಕಡೆ ನೌಕರ ತನ್ನ ಮನೆಯ ಹಳೆಯ ಲ್ಯಾಪ್‌ಟಾಪಿನಿಂದಲೇ ಕೈ ಚಾಚಿದ. ಅಮೆಜಾನ್ 2014ರಿಂದಲೂ ಮೈಕ್ರೊಸಾಫ್ಟ್ 2019ರಿಂದಲೂ ಇಂಥ ಡೆಸ್ಕ್‌ಟಾಪುಗಳನ್ನು ಬಾಡಿಗೆಗೆ ಕೊಡುತ್ತಿದ್ದವು. ಸ್ವಂತ ಕೋಣೆ ಇಲ್ಲದವರಿಗೂ ಈಗ ಕೋಣೆ ಸಿಕ್ಕಿತು, ಬೇರೆಯವರದ್ದು.

ಆ ಮೇಲಿನ ಎರಡು ಘಟನೆಗಳನ್ನು ಜೊತೆಯಲ್ಲಿಟ್ಟು ನೋಡಬೇಕು. 2023ರ ಅಕ್ಟೋಬರಿನಲ್ಲಿ ಸಿಟ್ರಿಕ್ಸ್‌ನ ಹೆಬ್ಬಾಗಿಲಿನಂಥ ಉಪಕರಣದಲ್ಲಿ ಒಂದು ಬಿರುಕು ಬಯಲಾಯಿತು. ಪಾಸ್‌ವರ್ಡು ಕೊಟ್ಟು ಒಳಗೆ ಹೋದವರ ಗುರುತಿನ ಚೀಟಿಯನ್ನೇ ಕಳ್ಳರು ಆ ಬಿರುಕಿನಿಂದ ಎಳೆದುಕೊಳ್ಳಬಹುದಾಗಿತ್ತು. ಬೋಯಿಂಗ್‌ನ ಬಿಡಿಭಾಗ ವಿತರಣೆಯ ಶಾಖೆಗೆ ಕಳ್ಳರು ನುಗ್ಗಿದ್ದು ಹೀಗೆ. ಕಾಮ್‌ಕಾಸ್ಟ್ ಕಂಪನಿಯ ಸುಮಾರು 3 ಕೋಟಿ 58 ಲಕ್ಷ ಗ್ರಾಹಕರ ವಿವರ ಸೋರಿದ್ದೂ ಹೀಗೆ. ಎಲ್ಲರ ಮನೆಗೂ ಒಂದೇ ಬಾಗಿಲಾದರೆ ಕಳ್ಳನಿಗೆ ಕಷ್ಟ ಕಡಿಮೆ. ಇನ್ನು 2024ರ ಜುಲೈ 19ರ ಕಥೆ ತದ್ವಿರುದ್ಧ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ದೋಷಪೂರ್ಣ ಕಡತದಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಮಲಗಿದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸು ಕೊಟ್ಟದ್ದು ನಿಮಗೆ ನೆನಪಿರಬಹುದು. ಮೇಜಿನ ಕೆಳಗಿನ ಪೆಟ್ಟಿಗೆಗಳನ್ನು ಎಬ್ಬಿಸಲು ತಂತ್ರಜ್ಞರು ಮತ್ತೆ ಮೇಜಿಂದ ಮೇಜಿಗೆ ತಿರುಗಬೇಕಾಯಿತು. ಧರ್ಮಛತ್ರದ ಬಗೆಯ ವರ್ಚುಯಲ್ ಡೆಸ್ಕ್‌ಟಾಪು ಇದ್ದವರು ಮಾದರಿ ಪ್ರತಿಯೊಂದನ್ನು ಸರಿಮಾಡಿ ಎಲ್ಲರಿಗೂ ಹೊಸದನ್ನು ಹಂಚಬಹುದಾಗಿತ್ತು.

ಹಾಗಾದರೆ ಯಾವುದು ಮೇಲು ಎಂದು ನೀವು ಕೇಳಬಹುದು. ಭದ್ರತೆಯ ಲೆಕ್ಕ, ಓಡಾಟದ ಲೆಕ್ಕ ನೋಡಿದರೆ ದೊಡ್ಡ ಕಚೇರಿಗೆ ಕೋಣೆಯೇ ಸರಿ ಎಂದು ನಾನು ಒಪ್ಪುತ್ತೇನೆ. ನನ್ನ ತಕರಾರು ಬೇರೆ. 'ಸರ್ವರ್ ಡೌನ್, ನಾಳೆ ಬನ್ನಿ' ಎಂಬ ಮಾತನ್ನು ಕೌಂಟರಿನ ಹೊರಗೆ ನಿಂತವರು ಎಷ್ಟು ವರ್ಷಗಳಿಂದ ಕೇಳುತ್ತಿದ್ದೇವೆ! ಡೆಸ್ಕ್‌ಟಾಪೂ ಕೋಣೆಗೆ ಹೋದ ಮೇಲೆ, ಲಿಂಕ್ ಇಲ್ಲದ ದಿನ ಒಳಗೆ ಕುಳಿತವರಿಗೆ ಒಂದು ರಜಾ ಚೀಟಿ ಬರೆಯಲೂ ಆಗುವುದಿಲ್ಲ. ಕನ್ನಡದ ವಿಷಯವೂ ಅಷ್ಟೇ. ಮೇಜಿನ ಡಬ್ಬಿ ಸಾಮಾನ್ಯವಾಗಿ ದೂರಕ್ಕೆ ಕಳಿಸುವುದು ಯಾವ ಕೀಲಿ ಒತ್ತಿದಿರಿ ಎಂಬುದನ್ನು ಮಾತ್ರ. ಅದು 'ಕ' ಆಗಬೇಕೋ ಬೇರೆ ಅಕ್ಷರವಾಗಬೇಕೋ ಎಂದು ತೀರ್ಮಾನವಾಗುವುದು ಆ ಕೋಣೆಯಲ್ಲಿ. ಮಾದರಿ ಪ್ರತಿಯಲ್ಲಿ ಕನ್ನಡದ ಕೀಲಿಮಣೆ, ಅಕ್ಷರವಿನ್ಯಾಸ ಸೇರಿಸಿಲ್ಲದಿದ್ದರೆ ಇಡೀ ಕಚೇರಿಗೆ ಕನ್ನಡವಿಲ್ಲ; ಒಮ್ಮೆ ಸೇರಿಸಿದರೆ ಇಡೀ ಕಚೇರಿಗೆ ಒಂದೇ ಏಟಿಗೆ ಬಂತು. ಎರಡೂ ಸಾಧ್ಯ. ಆದರೆ ಫ್ಲಾಪಿ ತಂದು ತಾನೇ ಹಾಕಿಕೊಳ್ಳುವ ಕಾಲ ಹೋಯಿತು. ಈಗ ಕೇಳಬೇಕು. ಆದ್ದರಿಂದ ನಿಮ್ಮ ಕಚೇರಿಯಲ್ಲಿ ಮಾದರಿ ಪ್ರತಿ ಸಿದ್ಧವಾಗುವ ಮೊದಲೇ, ಟೆಂಡರಿನ ಕಾಗದ ಮೇಜಿನ ಮೇಲಿರುವಾಗಲೇ, ಈ ಬೇಡಿಕೆಯನ್ನು ಬರಹದಲ್ಲಿ ಕೊಡಿ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟಿನ ಸಾಮಾನ್ಯ ಬೆಂಬಲ ನಿಂತಿತು. ಮುಂದಿನ ವಿಂಡೋಸ್ 11 ಓಡಿಸುವ ತಾಕತ್ತಿಲ್ಲದ ಎಷ್ಟೋ ಹಳೆಯ ಪೆಟ್ಟಿಗೆಗಳನ್ನು ಎಸೆಯುವ ಬದಲು, ಒಳಗಿನದನ್ನು ಅಳಿಸಿ, ದೂರದ ಡೆಸ್ಕ್‌ಟಾಪಿನ ಬರಿಯ ಕಿಟಕಿಯಾಗಿ ಬಳಸುವ ದಾರಿಯೂ ಇದೆ. ಹಾಗಾಗಿ ಮೊದಲಿಗೆ ನಾನು ಹೇಳಿದ ಗುರುತನ್ನು ಪೂರ್ತಿ ನಂಬಬೇಡಿ. ಫ್ಯಾನು ಗುಂಯ್‌ಗುಡುತ್ತಿದ್ದರೂ ಯಂತ್ರ ಬೇರೆಡೆ ಇರಬಹುದು. ಗೊತ್ತುಮಾಡಿಕೊಳ್ಳಬೇಕೆಂದರೆ ಹಿಂಬದಿಯ ನೆಟ್‌ವರ್ಕ್ ತಂತಿಯನ್ನು ಒಮ್ಮೆ ಎಳೆದು ನೋಡಿ. ಅರ್ಧ ಬರೆದ ಪತ್ರ ಪರದೆಯ ಮೇಲೆ ಕದಲದೆ ನಿಂತುಬಿಟ್ಟರೆ ನಿಮಗೆ ಉತ್ತರ ಸಿಕ್ಕಿತು. ತಂತಿಯನ್ನು ಮತ್ತೆ ಸಿಕ್ಕಿಸಲು ಮಾತ್ರ ಮರೆಯಬೇಡಿ.